ನಾನು ಹೊರದ ಹರಕೆ

ಮೊನ್ನೆ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಇನ್ನೇನು ಕಂಪ್ಯೂಟರಿನ ಕಡೆ ತಿರುಗಬೇಕು, ಅಷ್ಟರಲ್ಲಿ ಮೂಗಿಗೆ ಒಂದು ವಾಸನೆ ಬಡಿಯಿತು. ಸಿಹಿ, ಹುಳಿ, ಅದರ ಹಿಂದೆಯೇ ಗಂಟಲು ಕೆರೆಯುವಂಥ ಸ್ವಲ್ಪ ಗಂಧಕದ ಹೊಗೆ. ತಲೆ ಎತ್ತಿ ನೋಡುವ ಮೊದಲೇ ನನ್ನ ಮೀನಖಂಡ ಜುಮ್ಮೆಂದಿತು. ನಗಬೇಡಿ. ಒಣದ್ರಾಕ್ಷಿ ಕಂಡರೆ ಉಳಿದವರಿಗೆ ಬಾಯಲ್ಲಿ ನೀರೂರುತ್ತದೆ, ನನಗೆ ಕಾಲುಗಳು ನೆನಪಾಗುತ್ತವೆ.

ಕೌಂಟರಿನಾಚೆ ತಿಕೋಟಾದ ಶರಣಪ್ಪನವರು ನಿಂತಿದ್ದರು. ದ್ರಾಕ್ಷಿ ತೋಟದವರು, ನಾನು ಅಲ್ಲಿಯ ಬ್ಯಾಂಕಿನಲ್ಲಿ ಇದ್ದಾಗಿನ ಪರಿಚಯ. ಈಗ ನಾನಿರುವ ಬಬಲೇಶ್ವರದ ಸಂತೆಗೆ ಬಂದವರು ನನ್ನನ್ನು ಹುಡುಕಿಕೊಂಡು ಒಳಗೆ ಬಂದಿದ್ದರು. "ಅಕ್ಕಾರ, ಆರಾಮ್ ಅದೀರಿಲ್ಲೋ? ಹುಸೇನಬಿ ಕೊಟ್ಟ ಕಳಿಸ್ಯಾಳ್ರಿ" ಎಂದು ಒಂದು ಪೊಟ್ಟಣ ಟೇಬಲ್ಲಿನ ಮೇಲಿಟ್ಟರು. "ಒಂದ್ ಮಾತೂ ಹೇಳ್ಯಾಳ" ಎಂದು ಆ ಮಾತನ್ನೂ ಒಪ್ಪಿಸಿದರು. ಕೇಳಿ ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆ ಮಾತು ಏನೆಂದು ಈಗಲೇ ಹೇಳಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಸ್ವಲ್ಪ ಹಿಂದೆ ಹೋಗೋಣ, ನನ್ನ ಜೊತೆ ಬನ್ನಿ, ಅವಸರವೇನೂ ಇಲ್ಲ.

ನನ್ನ ಮನೆ ವಿಜಯಪುರದಲ್ಲಿ. ಬ್ಯಾಂಕಿನವರು ಎಲ್ಲಿಗೆ ಹಾಕಿದರೂ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವುದೇ ಇಷ್ಟು ವರ್ಷ ನಡೆದುಕೊಂಡು ಬಂದದ್ದು. ಆಗ ತಿಕೋಟಾದಲ್ಲಿದ್ದೆ. ಎದ್ದು ನಳದ ನೀರು ಹಿಡಿದು, ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿ ಕಟ್ಟಿ, ಸೀರೆಯ ನೆರಿಗೆ ದಾರಿಯಲ್ಲೇ ಸರಿ ಮಾಡಿಕೊಳ್ಳುತ್ತ ಬಸ್‌ಸ್ಟ್ಯಾಂಡಿಗೆ ಓಡುವುದು. ಬಸ್ಸಿನಲ್ಲಿ ಕೂಡುವುದು, ಬ್ಯಾಂಕಿನಲ್ಲಿ ಕೂಡುವುದು, ಮತ್ತೆ ಬಸ್ಸಿನಲ್ಲಿ ಕೂಡುವುದು. ಸಂಜೆಯ ಬಸ್ಸಿಗೆ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವುದರಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ಆ ಬಲಗೈ ಒಂದಕ್ಕೇ ವ್ಯಾಯಾಮ ಸಿಕ್ಕಿತ್ತು ಎನ್ನಬೇಕು.

ಹೀಗೆ ಕೂತು ಕೂತು ಸಕ್ಕರೆ ಏರಿತು. ಗುಳಿಗೆ ನುಂಗಿದರೂ ಇಳಿಯಲೊಲ್ಲದು. ಆ ಸಲ ಡಾಕ್ಟರು ಕನ್ನಡಕ ತೆಗೆದಿಟ್ಟು ಹೇಳಿದರು: "ನೋಡ್ರಿ, ದಿನಾ ನಡೀರಿ. ಬ್ಯಾಸಗಿ ಮುಗಿಯೂದ್ರಾಗ ಇಳೀಲಿಲ್ಲಂದ್ರ ಇಂಜೆಕ್ಷನ್ ಚಾಲೂ ಮಾಡೋಣು." ಇಂಜೆಕ್ಷನ್ ಕೆಟ್ಟದ್ದೇನಲ್ಲ, ಅದರಿಂದ ಎಷ್ಟೋ ಜನ ಆರಾಮಾಗಿದ್ದಾರೆ. ನನ್ನ ಹೆದರಿಕೆ ಸೂಜಿಯದಲ್ಲ. ನಮ್ಮ ದೊಡ್ಡಕ್ಕ ಇದೇ ದಾರಿಯಲ್ಲಿ ನನಗಿಂತ ಮುಂದೆ ಹೋದವಳು. ಅವಳ ಹಿಮ್ಮಡಿಯಲ್ಲಿ ಆದ ಒಂದು ಸಣ್ಣ ಗಾಯ ಏನು ಮಾಡಿದರೂ ಮಾಯಲಿಲ್ಲ, ಕೊನೆಗೆ ಪಾದವನ್ನೇ ತೆಗೆದರು. ದವಾಖಾನೆಯಿಂದ ಮನೆಗೆ ಬಂದ ದಿನ ಅವಳು ಬಾಗಿಲ ಬಳಿ ಬಿಟ್ಟಿದ್ದ ತನ್ನ ಎರಡು ಚಪ್ಪಲಿಯನ್ನು ನೋಡಿ, "ಒಂದ್ ತಗೀರಿ ಅಲ್ಲಿಂದ" ಎಂದಿದ್ದಳು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು.

ಅಷ್ಟು ಹೆದರಿಕೆ ಇದ್ದವಳು ಮರುದಿನದಿಂದಲೇ ನಡೆಯಬೇಕಿತ್ತು, ಅಲ್ಲವೇ? ನೀವು ನನ್ನನ್ನು ಬಲ್ಲವರಲ್ಲ. ಬೂಟು ಕೊಂಡೆ. ಬೆಳಿಗ್ಗೆ ಗೋಳಗುಮ್ಮಟದ ತೋಟಕ್ಕೆ ಎರಡು ದಿನ ಹೋದೆ, ಮೂರನೆಯ ದಿನ ನಳದ ನೀರು ಬಂತು. ಆಮೇಲೆ ಮೊಬೈಲಿನಲ್ಲಿ ಒಬ್ಬ ಹುಡುಗಿ ನಗುನಗುತ್ತ ಮನೆಯಲ್ಲೇ ಮಾಡುವ ವ್ಯಾಯಾಮ ಹೇಳಿಕೊಡುತ್ತಿದ್ದಳು. ರಾತ್ರಿ ಊಟವಾದ ಮೇಲೆ ಮಂಚದ ಮೇಲೆ ಅಡ್ಡಾಗಿ ಅವಳು ಕುಣಿಯುವುದನ್ನು ತಪ್ಪದೆ ನೋಡಿದೆ. ಅವಳ ಸಕ್ಕರೆ ಖಂಡಿತ ಇಳಿದಿರಬೇಕು. "ನಾಳಿಂದ, ನಾಳಿಂದ ಅನ್ನೂದ್ ಬಿಟ್ರ ನಿಂದು ಅರ್ಧಾ ಜಡ್ಡು ಹೋಗ್ತದ ನೋಡು" ಎಂದು ನಮ್ಮ ಯಜಮಾನರು ತಾವೂ ಅದೇ ಮಂಚದ ಇನ್ನೊಂದು ತುದಿಯಲ್ಲಿ ಒರಗಿಕೊಂಡು ಹೇಳುತ್ತಿದ್ದರು.

ಕೊನೆಗೆ ಒಂದು ಉಪಾಯ ಹೊಳೆಯಿತು. ಮನೆ ಸೇರಿದರೆ ಮತ್ತೆ ಹೊರಗೆ ಬೀಳುವವಳಲ್ಲ ನಾನು. ಆದ್ದರಿಂದ ಮನೆ ಸೇರುವ ಮೊದಲೇ ನಡೆದುಬಿಡಬೇಕು. ಸಂಜೆ ತಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ಕರವಸ್ತ್ರ ಎಸೆಯುವ ಬದಲು, ವಿಜಯಪುರದ ರಸ್ತೆ ಹಿಡಿದು ಮುಂದಿನ ಸ್ಟಾಪಿನವರೆಗೆ ನಡೆದು ಅಲ್ಲಿ ಬಸ್ ಹತ್ತುವುದು. ಅರ್ಧ ತಾಸಿನ ದಾರಿ. ಎರಡೂ ಕಡೆ ದ್ರಾಕ್ಷಿ ತೋಟ. ಆ ಸ್ಟಾಪಿನ ಎದುರಿಗೇ ಒಣದ್ರಾಕ್ಷಿಯ ಒಂದು ಶೆಡ್. ಸೀಟು ಸಿಗುವುದಿಲ್ಲ, ನಿಂತು ಹೋಗಬೇಕು. ಇರಲಿ, ಅದೂ ವ್ಯಾಯಾಮವೇ ಎಂದುಕೊಂಡೆ.

ಉಪಾಯ ಚೆನ್ನಾಗಿತ್ತು, ಆದರೆ ನಮ್ಮ ಜನರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಕಡೆಯ ರಸ್ತೆಯಲ್ಲಿ ಪರಿಚಯದ ಹೆಣ್ಣುಮಗಳೊಬ್ಬಳು ನಡೆದು ಹೋಗುತ್ತಿದ್ದರೆ, ಗಾಡಿ ಇದ್ದವರು ಸುಮ್ಮನೆ ದಾಟಿ ಹೋಗುವುದುಂಟೇ? ಊರಿನಿಂದ ನಾಕು ಹೆಜ್ಜೆ ಹಾಕಿದ್ದೆ, ಶರಣಪ್ಪನವರ ಗೂಡ್ಸ್ ಗಾಡಿ ಪಕ್ಕಕ್ಕೆ ಬಂದು ನಿಂತಿತು.

"ಯಾಕ್ರಿ ಅಕ್ಕಾರ, ಬಸ್ ತಪ್ತೇನು? ಹತ್ರಿ, ಹತ್ರಿ."

"ಇಲ್ಲರಿ, ವಾಕಿಂಗ್ ಮಾಡಾಕತ್ತೇನಿ."

"ವಾಕಿಂಗ್ ಮನಿಗಿ ಹೋಗಿ ಮಾಡ್ರಿ. ಈಗ ಹತ್ರಿ ಮದ್ಲ."

ಅವರು ಬಾಗಿಲು ತೆರೆದು ಹಿಡಿದಾಗ ಒಲ್ಲೆನೆನ್ನಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಲೇ? ಕಾಲಿಗೂ ಮನಸ್ಸಿರಲಿಲ್ಲ. ಮರುದಿನ ಸ್ಕೂಟಿಯ ಹುಡುಗಿ, ಅದರ ಮರುದಿನ ಟಂಟಂ ಆಟೋದವನು. ಒಬ್ಬ ಟ್ರ್ಯಾಕ್ಟರಿನವನಂತೂ ಟ್ರೇಲರಿನಲ್ಲಿ ಕೂತಿದ್ದ ತನ್ನ ಅವ್ವನ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಟ್ಟ. ಒಲ್ಲೆನೆಂದ ದಿನ ಇನ್ನೂ ಫಜೀತಿ. ಬ್ಯಾಂಕಿನ ಅಕ್ಕಾರು ಮನೆಯಲ್ಲಿ ಜಗಳಾಡಿದ್ದಾರೆ, ಅದಕ್ಕೇ ಹೊತ್ತು ಕಳೆಯುತ್ತ ಹೋಗುತ್ತಾರೆ ಎಂಬ ಸುದ್ದಿ ಹುಟ್ಟಿತು. ನನಗೆ ಅಳಬೇಕೋ ನಗಬೇಕೋ ತಿಳಿಯದಾಯಿತು. ಬೇಸಿಗೆ ಏರುತ್ತಿತ್ತು, ನನ್ನ ನಡಿಗೆ ಮಾತ್ರ ಊರ ಹೊರಗಿನ ಬೇವಿನ ಮರವನ್ನು ದಾಟುತ್ತಿರಲಿಲ್ಲ.

ಹಾಗಿರುವಾಗ ಒಂದು ದಿನ ಆ ಬೇವಿನ ಮರದ ಬಳಿಯೇ ಚಪ್ಪಲಿಯ ಬಾರು ಹರಿಯಿತು. ಕೊಂಡ ಬೂಟು ಮನೆಯಲ್ಲಿ ಪೆಟ್ಟಿಗೆಯೊಳಗೆ ಭದ್ರವಾಗಿತ್ತು. ಎರಡೂ ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲಿ ಹೊರಟೆ. ಆ ದಿನ ಸಿಟ್ಟೂ ಬಂದಿತ್ತು, ನನ್ನ ಮೇಲೆಯೇ. ಹಿಂದಿನಿಂದ ಹಾರ್ನ್ ಕೇಳಿದಾಗ ಮಾತಾಡಲು ಮನಸ್ಸಾಗದೆ ತಿರುಗಿ ಎರಡೂ ಕೈ ಮುಗಿದುಬಿಟ್ಟೆ, ಇವತ್ತೊಂದು ದಿನ ಬಿಟ್ಟುಬಿಡಪ್ಪಾ ಎನ್ನುವ ಹಾಗೆ. ಆಶ್ಚರ್ಯ ನೋಡಿ, ಗಾಡಿಯವ ನನ್ನ ಕಾಲು ನೋಡಿದ, ತಾನೂ ಕೈ ಮುಗಿದ, ಸುಮ್ಮನೆ ಹೋದ! ಹಿಂದೆ ಬಂದ ಇನ್ನಿಬ್ಬರೂ ಹಾಗೆಯೇ ಮಾಡಿದರು.

ಸ್ಟಾಪಿಗೆ ಮುಟ್ಟಿದಾಗ ಶೆಡ್ಡಿನಿಂದ ಒಬ್ಬ ಹೆಣ್ಣುಮಗಳು ತಂಬಿಗೆ ಹಿಡಿದು ರಸ್ತೆ ದಾಟಿ ಬಂದಳು. ಒಣದ್ರಾಕ್ಷಿ ಆರಿಸುವ ಹೆಂಗಸರ ಉಸ್ತುವಾರಿ ನೋಡುವವಳು, ನನ್ನದೇ ವಯಸ್ಸು. ಅವಳೇ ಹುಸೇನಬಿ.

"ನೀರ್ ಕುಡೀರಿ, ಅಕ್ಕಾರ. ಬರಿಗಾಲಿಲೆ ಹೊಂಟೀರಿ, ನೆಲ ಸುಡತದ. ದಿನಾ ನಡೀತೀರಂತ ಕೇಳಿದ್ನಿ, ಇವತ್ತ ತಿಳೀತು. ಹರಕಿ ಅದ ಹೌದಿಲ್ಲೋ?"

ನಾನು ಬಾಯಿ ತೆರೆದೆ. ಅವಳು ಅಂಗೈ ಅಡ್ಡ ಹಿಡಿದಳು. "ಹೇಳಬ್ಯಾಡ್ರಿ, ಹೇಳಬ್ಯಾಡ್ರಿ! ಹರಕಿ ಮುಟ್ಟೂತನಕ ಯಾರ ಮುಂದೂ ಹೇಳಬಾರದು. ನಾ ಎಲ್ಲಾರಿಗಿ ಹೇಳ್ತೀನಿ, ನಿಮ್ಮನ್ನ ಯಾರೂ ತಡಿಯಂಗಿಲ್ಲ."

ನಮ್ಮ ಸೀಮೆಯಲ್ಲಿ ಬರಿಗಾಲಲ್ಲಿ ನಡೆಯುವವರು ಹೊಸಬರಲ್ಲ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ನಡೆದೇ ಹೋಗುವವರನ್ನು, ದರ್ಗಾಕ್ಕೆ ನಡೆದು ಬರುವವರನ್ನು ನೋಡಿಯೇ ಬೆಳೆದ ಕಣ್ಣು ಅವರವು. ವಾಕಿಂಗ್ ಎಂದರೆ ಯಾರಿಗೂ ತಿಳಿಯದೆ ಇದ್ದದ್ದು, ಹರಕೆ ಎಂದ ಕೂಡಲೇ ಇಡೀ ರಸ್ತೆಗೆ ತಿಳಿದುಬಿಟ್ಟಿತು. ಯಾವ ದೇವರದು ಎಂದು ಒಬ್ಬರೂ ಕೇಳಲಿಲ್ಲ. ಶರಣಪ್ಪನವರು ಶ್ರೀಶೈಲದ ಮಲ್ಲಯ್ಯನದು ಎಂದುಕೊಂಡರು. ಹುಸೇನಬಿ ಏನು ಅಂದುಕೊಂಡಿದ್ದಳೋ ಅವಳಿಗೇ ಗೊತ್ತು. ಮರುದಿನ ನಾನು ಬೂಟು ಹಾಕಿಕೊಂಡು ಹೋದಾಗ ಹೆಂಗಸರು ಗುಸುಗುಸು ಅಂದರಂತೆ. "ಹರಕಿ ನಡಿಯೂದ್ರದು, ಬರಿಗಾಲಿಂದಲ್ಲ" ಎಂದು ಹುಸೇನಬಿಯೇ ತೀರ್ಪು ಕೊಟ್ಟಳು.

ಅಂದಿನಿಂದ ನಾನು ಸ್ಟಾಪಿಗೆ ಮುಟ್ಟಿದರೆ ಒಂದು ತಂಬಿಗೆ ನೀರು, ಒಂದು ಮುಷ್ಟಿ ಮಣೂಕ. ಒಣದ್ರಾಕ್ಷಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. "ನಡದ ಬಂದೀರಿ, ತ್ರಾಣ ಬೇಕು, ತಿನ್ರಿ." ಸಕ್ಕರೆ ಇಳಿಸಲು ನಡೆಯುವವಳ ಅಂಗೈಗೆ ಬಂಗಾರದ ಬಣ್ಣದ ಸಕ್ಕರೆಯನ್ನೇ ಸುರಿದರೆ ಏನು ಮಾಡುವುದು? ಎರಡು ಬಾಯಿಗೆ ಹಾಕಿಕೊಂಡಂತೆ ಮಾಡಿ ಉಳಿದದ್ದನ್ನು ಚೀಲಕ್ಕೆ ಇಳಿಸುತ್ತಿದ್ದೆ. ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ತುಂಬುತ್ತ ಬಂತು. ಯಜಮಾನರು ಆಗಾಗ ಅದಕ್ಕೆ ಕೈ ಹಾಕಿ, ನನ್ನ ನಡಿಗೆಯಿಂದ ತಾವು ಮೈ ತುಂಬಿಕೊಂಡರು.

ಸುಳ್ಳಿನ ಮೇಲೆ ನಡೆಯುತ್ತಿದ್ದೇನಲ್ಲ ಎಂಬ ಕಸಿವಿಸಿ ಇದ್ದೇ ಇತ್ತು. ಆದರೆ ನಡಿಗೆ ಸಾಗಿತ್ತು, ನಾನು ಸುಮ್ಮನಿದ್ದೆ. ಹಾಗೆಂದು ನನ್ನ ಹಳೆಯ ಗುಣ ಹೋದೀತೇ? ಒಂದು ದಿನ ಬ್ಯಾಂಕಿನಲ್ಲಿ ತಪಾಸಣೆಯವರು ಬಂದು ತಲೆ ತಿಂದಿದ್ದರು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು, ಕಿಟಕಿಯೂ ಖಾಲಿ ಇತ್ತು. ಕೈ ತಾನಾಗಿಯೇ ಕರವಸ್ತ್ರ ಎಸೆಯಿತು. ಹಾಯಾಗಿ ಕೂತು ಕಣ್ಣು ಮುಚ್ಚಿದೆ. ಶೆಡ್ಡಿನ ಸ್ಟಾಪಿನಲ್ಲಿ ಬಸ್ಸು ನಿಂತಾಗ ಕಣ್ಣು ಬಿಟ್ಟರೆ, ಕೆಳಗೆ ತಂಬಿಗೆ ಹಿಡಿದು ಹುಸೇನಬಿ ನಿಂತಿದ್ದಾಳೆ. ನನ್ನನ್ನು ನೋಡಿದಳು. ಬಸ್ಸು ಹೊರಟಿತು.

ಮರುದಿನ ನಡೆದು ಹೋಗಿ ನಿಂತೆ. ಅವಳು ಬೈಯಲಿಲ್ಲ. ನೀರು ಕೊಟ್ಟು, "ನಿನ್ನೆ ಮೈಯಾಗ ಆರಾಮ್ ಇರಲಿಲ್ಲೇನ್ರಿ?" ಎಂದು ಕೇಳಿದಳು. ನಾನು ತಲೆ ಆಡಿಸಿದೆ.

"ನಾ ಹಂಗ ಅನ್ಕೊಂಡ್ನಿ. ಚಿಂತಿ ಮಾಡಬ್ಯಾಡ್ರಿ, ಹರಕಿ ಮುರದಿಲ್ಲ. ಟಂಟಂ ಬಿಟ್ಟು ನಿಮ್ಮ ಬದಲಿ ನಾ ತಿಕೋಟಾತನಕ ಮನಿಗಿ ನಡದ್ನಿ. ದಾರಿ ಅದೇ ಅಲ್ಲೇನ್ರಿ, ಉಲ್ಟಾ ಆತು ಅಷ್ಟ."

ದಿನವಿಡೀ ಶೆಡ್ಡಿನಲ್ಲಿ ನಿಂತು ದುಡಿದ ಹೆಂಗಸು, ನನ್ನ ಹರಕೆ ಏನೆಂದೂ ಅರಿಯದೆ, ಅದು ಮುರಿಯಬಾರದೆಂದು ಆ ಅರ್ಧ ತಾಸಿನ ದಾರಿಯನ್ನು ನಡೆದಿದ್ದಳು! ನೀರು ಕುಡಿಯುವ ನೆಪದಲ್ಲಿ ತಂಬಿಗೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಮನಸ್ಸು ಗಟ್ಟಿ ಇರಬೇಕು, ಒಳಗಿನಿಂದ ಹುರುಪು ಬರಬೇಕು ಎಂದು ಬಲ್ಲವರು ಹೇಳುತ್ತಾರೆ. ನನ್ನ ಒಳಗೆ ಅದು ಇದ್ದಿದ್ದರೆ ಇಷ್ಟೊತ್ತಿಗೆ ಬರುತ್ತಿತ್ತು. ನನಗೆ ಹೊರಗಿನಿಂದಲೇ ಬಂತು, ತಂಬಿಗೆ ಹಿಡಿದುಕೊಂಡು ಬಂತು. ಆಮೇಲೆ ಆ ಬೇಸಿಗೆಯಲ್ಲಿ ನಾನು ತಪ್ಪಿಸಲಿಲ್ಲ. ತಪ್ಪಿಸಿದರೆ ಅವಳು ನಡೆಯುತ್ತಾಳಲ್ಲ!

ಮೊದಲ ಮಳೆ ಬಿದ್ದ ವಾರ ಮತ್ತೆ ರಕ್ತ ಪರೀಕ್ಷೆಯಾಯಿತು. ಡಾಕ್ಟರು ಕಾಗದ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಗದ ನೋಡಿದರು. "ಇಳದದಲ್ರಿ! ಇಂಜೆಕ್ಷನ್ ಸದ್ಯಕ್ಕ ಬ್ಯಾಡ. ಏನ್ ಮಾಡಿದ್ರಿ?" ಏನೆಂದು ಹೇಳಲಿ? ದವಾಖಾನೆಯ ಮೆಟ್ಟಿಲ ಮೇಲೆ ಕೂತು ಎಲ್ಲರೆದುರಿಗೇ ಅತ್ತುಬಿಟ್ಟೆ. ಎದೆಯ ಮೇಲಿದ್ದ ಬೀಸುಗಲ್ಲನ್ನು ಯಾರೋ ಎತ್ತಿಟ್ಟ ಹಾಗಾಗಿತ್ತು. ಯಜಮಾನರು ಪಕ್ಕದಲ್ಲಿ ಕೂತು, "ಅಳಬ್ಯಾಡ, ಮಂದಿ ಏನರೆ ತಿಳ್ಕೋತಾರ" ಎನ್ನುತ್ತ ತಾವೂ ಕಣ್ಣು ಒರೆಸಿಕೊಂಡರು.

ಮರುದಿನ ಡಬ್ಬಿಯಲ್ಲಿ ಉಳಿದ ಮಣೂಕವನ್ನೆಲ್ಲ ಹಾಕಿ ಶಿರಾ ಮಾಡಿ ಶೆಡ್ಡಿಗೆ ಒಯ್ದೆ. "ಹರಕಿ ಮುಟ್ಟಿತೇನ್ರಿ?" ಎಂದು ಹೆಂಗಸರೆಲ್ಲ ಸುತ್ತ ಸೇರಿದರು. ಇನ್ನು ಮುಚ್ಚಿಡುವುದು ಬೇಡವೆಂದು ಎಲ್ಲ ಹೇಳಿದೆ: ಯಾವ ದೇವರಿಗೂ ಬೇಡಿಕೊಂಡಿರಲಿಲ್ಲ, ಸಕ್ಕರೆ ಇಳಿಯಲೆಂದು ನಡೆದೆ, ಅಕ್ಕನ ಪಾದದ ಕಥೆ ಹೀಗೆ. ಹುಸೇನಬಿ ಕೈಯಲ್ಲಿದ್ದ ಶಿರಾವನ್ನು ನೋಡಿದಳು, ನನ್ನನ್ನು ನೋಡಿದಳು, ಹಣೆ ಹಣೆ ಬಡಿದುಕೊಂಡಳು.

"ಯಾ ಅಲ್ಲಾ! ಸಕ್ರಿ ಇಳೀಲಂತ ನೀವ್ ನಡದ್ರ, ನಾ ದಿನಾ ಮುಷ್ಟಿ ತುಂಬ ಮಣೂಕ ತಿನಿಸಿದ್ನಲ್ಲ!"

ಶೆಡ್ ಹಾರಿಹೋಗುವಂತೆ ನಗೆ ಎದ್ದಿತು. ನಕ್ಕು ಸುಸ್ತಾದ ಮೇಲೆ ಕೇಳಿದೆ, "ಸುಳ್ಳ ಹರಕಿ ಅಂತ ಸಿಟ್ಟ ಬಂತೇನ?" ಅವಳು ಬೆರಳು ನೆಕ್ಕುತ್ತ, "ನಡದದ್ದು ಖರೇ ಅದಲ್ರಿ" ಎಂದಳು.

ಅದಾಗಿ ವರ್ಷ ಕಳೆಯಿತು. ನಡುವೆ ದೀಪಾವಳಿಯ ಹೊತ್ತಿಗೆ ನನ್ನನ್ನು ಬಬಲೇಶ್ವರಕ್ಕೆ ಹಾಕಿದ್ದರು. ಹೊಸ ಊರು, ಹೊಸ ರಸ್ತೆ, ಸುಲಭಕ್ಕೆ ಸಿಗುವ ಜೀಪುಗಳು. ಮೊದಮೊದಲು ನಡೆದೆ, ಆಮೇಲೆ ಚಳಿ, ಆಮೇಲೆ ಕೆಲಸ, ಆಮೇಲೆ ನಾಳೆಯಿಂದ. ಬೂಟು ಮತ್ತೆ ಪೆಟ್ಟಿಗೆ ಸೇರಿತ್ತು. ಹೋದ ತಿಂಗಳ ಪರೀಕ್ಷೆಯನ್ನೂ ಮುಂದೆ ಹಾಕಿದ್ದೆ. ಇದೆಲ್ಲ ತಿಕೋಟಾದ ಶೆಡ್ಡಿನಲ್ಲಿ ಕೂತವಳಿಗೆ ಹೇಗೆ ತಿಳಿಯಿತೋ, ಬಹುಶಃ ನನ್ನನ್ನು ಬಲ್ಲವಳಾದ್ದರಿಂದ ಊಹಿಸಿದಳು. ಪೊಟ್ಟಣದ ಜೊತೆ ಶರಣಪ್ಪನವರು ತಂದ ಮಾತು ಇದು: "ಈ ಮಣೂಕ ಅಕ್ಕಾರಿಗಲ್ಲ, ಅವರ ಮನಿಯವರಿಗಿ ಕೊಡ್ರಿ. ಅಕ್ಕಾರ ನಡಿಯೂದ್ ಬಿಟ್ಟಾರಂದ್ರ ನನಗ ಹೇಳಿ ಕಳಸ್ರಿ. ಇಲ್ಲಿಂದ ನಾ ನಡೀತೀನಿ."

ಅಂದು ಸಂಜೆ ಬ್ಯಾಂಕಿನ ಬಾಗಿಲು ದಾಟಿ, ಜೀಪಿನ ಸಾಲನ್ನೂ ದಾಟಿ ವಿಜಯಪುರದ ರಸ್ತೆ ಹಿಡಿದೆ. ಊರು ಬಿಡುವಷ್ಟರಲ್ಲೇ ಹಿಂದಿನಿಂದ ಜೀಪೊಂದು ಬಂದು ನಿಂತಿತು. "ಬರ್ರಿ ಅಕ್ಕಾರ, ಮುಂದ ಸೀಟ್ ಖಾಲಿ ಅದ!"

"ಬ್ಯಾಡಪಾ," ಎಂದೆ, "ಹರಕಿ ಅದ."

ಅವನು ಹಾಡಿನ ಸದ್ದು ತಗ್ಗಿಸಿದ, ಹಣೆಗೆ ಕೈ ಮುಟ್ಟಿಸಿಕೊಂಡ, ನನ್ನ ಮೇಲೆ ಧೂಳೇಳದಂತೆ ನಿಧಾನವಾಗಿ ಮುಂದೆ ಹೋದ. ಈ ಸಲ ನನಗೆ ಸುಳ್ಳು ಹೇಳಿದೆ ಅನ್ನಿಸಲಿಲ್ಲ. ನಡೆಯುತ್ತಲೇ ಹುಸೇನಬಿಗೆ ಫೋನು ಹಚ್ಚಿದೆ. ಅವಳ ಕಡೆ ಶೆಡ್ ಬಿಡುವ ಗದ್ದಲ ಕೇಳುತ್ತಿತ್ತು.

"ನಾನ ನಡಿಯಾಕತ್ತೇನಿ ಬೇ," ಎಂದೆ. "ನೀ ಟಂಟಂ ಹತ್ತು."

"ಹತ್ತತೀನ್ರಿ, ಹತ್ತತೀನಿ. ಉಳದ್ವು ನೋಡ್ರಿ ನನ್ನ ಕಾಲು!" ಎಂದು ನಕ್ಕಳು.

"ನನ್ನವೂ ಉಳದ್ವು" ಎಂದೆ.