ಮಗ ಸೈಕಲ್ ತುಳಿದ, ನಾವು ರಕ್ತ ಕೊಟ್ಟೆವು

ಕುಪ್ಪಸ ಬಿಗಿಯುವಾಗ ಎಡಗಡೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಕಡಲೆಕಾಳಿನಷ್ಟು. ನೋವಿಲ್ಲ. ನೋವಿಲ್ಲದ್ದಕ್ಕೇ ಅನುಮಾನ ಬಂತು. ನಮ್ಮವ್ವನಿಗೂ ನೋವಿರಲಿಲ್ಲ, ಅಕ್ಕನಿಗೂ ಇರಲಿಲ್ಲ. ಇಬ್ಬರೂ ಅದರಲ್ಲೇ ಹೋದರು.

ಕ್ಯಾನ್ಸರ್ ಅಂದರು.

ಎದೆ ಕೊಯ್ದರು. ಕೀಮೋ ಕೊಟ್ಟರು. ಕೂದಲು ಹೋಯಿತು, ನಾಲಿಗೆ ರುಚಿ ಹೋಯಿತು, ರೊಟ್ಟಿ ಬಡಿಯುವ ಕೈ ಮೇಲೇಳದಾಯಿತು. ಹಡಪಸರದ ನಮ್ಮ ಮನೆಯಲ್ಲಿ ಸೊಸೆ ರೊಟ್ಟಿ ಬಡಿಯತೊಡಗಿದಳು. ದಪ್ಪ. ತಿಂದೆ. ತಲೆಯಲ್ಲಿ ಮಾತ್ರ ಒಂದೇ ಹುಳ: ಅವ್ವ, ಅಕ್ಕ, ನಾನು ಆದ ಮೇಲೆ ಇದು ಇನ್ನು ಯಾರ ಹತ್ತಿರ ಹೋಗುತ್ತದೆ? ಮಗಳು ಕಸ್ತೂರಿಯನ್ನು ದೌಂಡಕ್ಕೆ ಕೊಟ್ಟಿದ್ದೆ. ನನ್ನ ಜೀವವೆಲ್ಲ ಅವಳ ಮೇಲೆಯೇ.

ನನಗೆ ಕೀಮೋ ಕೊಡುತ್ತಿದ್ದ ಹೆಂಗಸು ಡಾಕ್ಟರನ್ನು, ಡಾಕ್ಟರ್ ಬಾಯಿಯನ್ನೇ ಕೇಳಿದೆ. ಇಂಥ ಮನೆತನಗಳ ರಕ್ತದಲ್ಲಿ ಏನು ಕೆಟ್ಟಿದೆ ಎಂದು ನೋಡುವ ರಿಸರ್ಚ್ ನಡೆದಿದೆ, ಅದಕ್ಕೆ ಹಣ ಕೂಡಿಸಲು ಕಂಪನಿಗಳ ನೌಕರರು ಲೋಣಾವಳಾದವರೆಗೆ ಸೈಕಲ್ ತುಳಿಯುತ್ತಾರೆ ಎಂದರು. ನನ್ನ ಮಗ ಶಿವಾನಂದನ ಕಂಪನಿಯೂ ಅದರಲ್ಲಿತ್ತು. ಅವನೂ ಹೆಸರು ಕೊಟ್ಟಿದ್ದ.

"ನೀ ಸೈಕಲ್ ತುಳದ್ರ ರೊಕ್ಕ ಹೆಂಗ ಬರ್ತದೋ?" ಎಂದೆ.

"ನಾವು ತುಳೀತೀವಿ, ಕಂಪನಿ ಕೊಡ್ತದ ಬೇ."

"ಸುಮ್ನ ಕುಂತಲ್ಲೇ ಕೊಟ್ರ ಆಗಂಗಿಲ್ಲೇನು?"

"ಕುಂತಲ್ಲೇ ಕೊಟ್ರ ಪೇಪರಿನ್ಯಾಗ ಫೋಟೋ ಬರಂಗಿಲ್ಲ," ಎಂದು ನಕ್ಕ.

ಹೋಗಿ ಬಂದ. ತೊಡೆ ಹಿಡಿದು ನೆಲಕ್ಕೆ ಕೂರಲಾಗದೆ ನಿಂತೇ ಊಟ ಮಾಡಿದ. ನಾನೂ ನಕ್ಕೆ. ಆದರೆ ಆ ಹಣ ಲ್ಯಾಬಿಗೆ ಮುಟ್ಟಿತು, ನಮ್ಮಂಥವರ ರಕ್ತ ನೋಡುವುದು ಶುರುವಾಯಿತು.

ನನ್ನ ರಕ್ತದಲ್ಲಿ ಆ ದೋಷ ಇತ್ತು. ಮಕ್ಕಳಿಗೆ ಬಂದರೂ ಬಂದಿರಬಹುದು, ಬರದೆಯೂ ಇರಬಹುದು ಎಂದರು. ಕಸ್ತೂರಿ ದೌಂಡದಿಂದ ಬಂದು ಕೈ ಕೊಟ್ಟಳು. ಸಿಸ್ಟರ್ ಸೂಜಿ ಹಿಡಿದು ಶಿವಾನಂದನ ಕಡೆ ತಿರುಗಿದರು.

"ನನಗ್ಯಾಕ್ರೀ? ನಾ ಗಂಡಸ!"

ಗಂಡುಮಕ್ಕಳಿಗೂ ಬರುತ್ತದೆ, ಅವರಿಂದ ಅವರ ಮಕ್ಕಳಿಗೂ ಹೋಗುತ್ತದೆ ಎಂದರು ಡಾಕ್ಟರ್ ಬಾಯಿ. ಇದು ನಮಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಹೆಣ್ಣು ನೋಡಲು ಹೋದರೆ ಹುಡುಗಿಯ ತಾಯಿಗೇನಾಗಿತ್ತು, ಅಜ್ಜಿಗೇನಾಗಿತ್ತು ಎಂದು ಕೆದಕಿ ಕೇಳುತ್ತಾರೆ. ವರನ ತಾಯಿಗೇನಾಗಿತ್ತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಿದವಳಲ್ಲ.

"ಮೂಗು ನಂದು, ಸಿಟ್ಟು ನಂದು, ಇದೊಂದು ಮಾತ್ರ ಬರಂಗಿಲ್ಲೇನು? ಕೈ ಚಾಚು," ಎಂದೆ. ಚಾಚಿದ.

ಬಹಳ ದಿನ ಕಾದೆವು. ಕೊನೆಗೆ ಕರೆದರು.

ಕಸ್ತೂರಿಗೆ ಇಲ್ಲ. ಶಿವಾನಂದನಿಗೆ ಇದೆ.

ಕಸ್ತೂರಿ ಅಳತೊಡಗಿದಳು. ತನಗಿಲ್ಲ ಎಂದೋ, ಅಣ್ಣನಿಗಿದೆ ಎಂದೋ, ನಾನು ಕೇಳಲಿಲ್ಲ. ಶಿವಾನಂದನಿಗೆ ಇಬ್ಬರು ಹೆಣ್ಣುಮಕ್ಕಳು. ಬಸ್ಸಿಳಿದೆವು. ಮನೆ ಹತ್ತಿರ ಬಂದಾಗ ಕೇಳಿದ, "ಬೇ, ಹುಡುಗ್ಯಾರಿಗೆ?"

"ಬಂದ್ರ ಬಂದೀತು, ಬರದಿದ್ರ ಇಲ್ಲ. ದೊಡ್ಡವರಾದ ಮ್ಯಾಲೆ ಅವ್ರ ರಕ್ತಾನೂ ನೋಡ್ತಾರ. ನಮ್ಮವ್ವಗ ಏನೂ ಗೊತ್ತಿರಲಿಲ್ಲ. ಇವರಿಗೆ ಗೊತ್ತಿರ್ತದ, ಸಾಕು."

ಸಾಕೋ ಇಲ್ಲವೋ ನನಗೇನು ಗೊತ್ತು. ಹೇಳಬೇಕಿತ್ತು, ಹೇಳಿದೆ. ಈ ರಿಸರ್ಚಿನಿಂದ ಔಷಧ ಬರುತ್ತದೇನು ಎಂದು ಡಾಕ್ಟರ್ ಬಾಯಿಯನ್ನು ಕೇಳಿದ್ದೆ. "ಇನ್ನೂ ಬಂದಿಲ್ಲ ಅಜ್ಜಿ," ಎಂದರು. ಸುಳ್ಳು ಹೇಳಲಿಲ್ಲ. ಅದು ನನಗೆ ಹಿಡಿಸಿತು.

ಈ ದೋಷ ಇದ್ದ ಗಂಡಸರೂ ಎದೆ ತೋರಿಸಿಕೊಳ್ಳುತ್ತಿರಬೇಕಂತೆ. ಹಾಗಾಗಿ ಈಗ ನನ್ನ ಚೆಕಪ್ ದಿನವೇ ಅವನದೂ. ಆ ಓಪಿಡಿಯಲ್ಲಿ ಎಲ್ಲ ಹೆಂಗಸರೇ. ಅವನು ಗೋಡೆಗೆ ಒರಗಿ ನಿಂತೇ ಇರುತ್ತಿದ್ದ. ಮೊನ್ನೆ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಿದ್ದ ಸೋಲಾಪುರದ ಕಡೆಯವಳೊಬ್ಬಳು, "ತಾಯೀನ ಕರಕೊಂಡು ಬಂದೀರೇನ್ರೀ?" ಎಂದು ಕೇಳಿದಳು.

"ಹೌದ್ರಿ," ಎಂದ. ಆಮೇಲೆ ತಡೆದು ಹೇಳಿದ, "ನಂದೂ ಪಾಳಿ ಅದ."

ಅವಳು ಅವನ ಮುಖ ನೋಡಿದಳು. ನಗಲಿಲ್ಲ. ಸೆರಗು ಎಳೆದುಕೊಂಡು ಬೆಂಚಿನ ಮೇಲೆ ಆಚೆ ಸರಿದು ಜಾಗ ಕೊಟ್ಟಳು.

ನಮ್ಮಿಬ್ಬರ ನಡುವೆ ಅವನು ಕುಳಿತ.