ಕೊನೇ ಸಾಲಿನ ಕೈ

ಆ ಕಾಲೇಜಿನ ಸಭಾಂಗಣದಲ್ಲಿ ಇನ್ನೂರ ಎಂಬತ್ತು ಕುರ್ಚಿಗಳಿದ್ದವು. ಅಷ್ಟನ್ನೂ ಹಾಕುವವನು ಒಬ್ಬನೇ, ತೆಗೆಯುವವನೂ ಅವನೇ. ಹುದ್ದೆ ಅಟೆಂಡರ್. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸದಾ ಝಣಝಣ ಅನ್ನುತ್ತಿದ್ದುದರಿಂದ ಹುಡುಗರು ಅವನನ್ನು ಬೀಗದಣ್ಣ ಅಂತ ಕರೆಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ, ಮಂಡಿ ಸವೆದು ಹೋಗಿತ್ತು. ಮೆಟ್ಟಿಲು ಹತ್ತುವಾಗ ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಮಂಡಿಯ ಮೇಲೆ, ಬಾಯಲ್ಲಿ ಯಾರಿಗೂ ಕೇಳದ ಹಾಗೆ ಬೈಗುಳ.

ಬೈಯೋದು ಯಾರನ್ನ ಅಂತೀರಿ? ಈ ಹುಡುಗರನ್ನೇ. ನಾಲ್ಕು ಗಂಟೆಗೆ ಪಾಠ ಮುಗೀತು, ತೆಪ್ಪಗೆ ಮನೆಗೆ ಹೋಗಬಾರದಾ? ಊಹೂಂ. ನಾಟಕವಂತೆ, ಚರ್ಚೆಯಂತೆ, ಗೋಡೆ ಪತ್ರಿಕೆಯಂತೆ, ಸಂಘದ ಸಭೆಯಂತೆ. "ಅಣ್ಣಾ, ಇನ್ನು ಹತ್ತೇ ನಿಮಿಷ" ಅಂತ ಹಲ್ಲು ಗಿಂಜೋದು, ಆರು ಗಂಟೆ ಮಾಡೋದು. ಹರಿದ ಕಾಗದ, ಚೆಲ್ಲಿದ ಬಣ್ಣ, ಬಿಸ್ಕತ್ತಿನ ಪುಡಿ ಎಲ್ಲ ಗುಡಿಸಿ ಬೀಗ ಹಾಕುವಷ್ಟರಲ್ಲಿ ಅವನ ಬಸ್ಸು ಹೋಗಿರುತ್ತಿತ್ತು.

ಹಾಗಂತ ಅವನಿಗೆ ಆ ಹುಡುಗರ ಮೇಲೆ ನಿಜವಾದ ಸಿಟ್ಟಿರಲಿಲ್ಲ. ಪಾಠ ಹೇಳುವವರಿಗೂ ಗೊತ್ತಿಲ್ಲದ ಒಂದು ವಿಷಯ ಅವನಿಗೆ ಗೊತ್ತಿತ್ತು. ಅವರು ಹುಡುಗರನ್ನು ನೋಡುತ್ತಿದ್ದುದು ನಾಲ್ಕರ ತನಕ, ಇವನು ನೋಡುತ್ತಿದ್ದುದು ನಾಲ್ಕರ ಮೇಲೆ. ಒಬ್ಬಳು ಹಾಸ್ಟೆಲ್ ಹುಡುಗಿ ಮೊದಲ ವರ್ಷ ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತು ದಿನಾ ಅಳುತ್ತಿದ್ದಳು. ಕಾಲೇಜು ಬಿಟ್ಟೇ ಹೋಗ್ತೀನಿ ಅನ್ನುವ ಮಟ್ಟಕ್ಕೆ ಬಂದಿದ್ದಳು. ಯಾರೋ ಅವಳ ಕೈಗೆ ಅಂಟಿನ ಡಬ್ಬಿ ಕೊಟ್ಟು ಗೋಡೆ ಪತ್ರಿಕೆಗೆ ಚಿತ್ರ ಅಂಟಿಸು ಅಂದರು. ಎರಡು ತಿಂಗಳಿಗೆ ಅವಳದ್ದೇ ಐದಾರು ಜನರ ಗುಂಪಾಯಿತು, ನಗು ಕಾರಿಡಾರ್ ತುಂಬ ಕೇಳುತ್ತಿತ್ತು, ಅಳು ಎಲ್ಲಿ ಹೋಯಿತೋ. ಇನ್ನೊಬ್ಬ ತೊದಲುತ್ತಿದ್ದ ಹುಡುಗ. ವೇದಿಕೆ ಹತ್ತಿದರೆ ಗಂಟಲ ಪಸೆ ಆರಿ ನಿಂತುಬಿಡೋನು. ಗುಡಿಸುತ್ತಿದ್ದ ಬೀಗದಣ್ಣನಿಗೆ ನೋಡಿ ನೋಡಿ ತಡೆಯಲಾಗಲಿಲ್ಲ.

"ನೋಡಪ್ಪಾ, ಇವರನ್ನೆಲ್ಲ ಬಿಟ್ಹಾಕು. ನಾನು ಕೊನೇ ಸಾಲಲ್ಲಿ ಕೂತಿರ್ತೀನಿ. ನಂಗೆ ಕೇಳಿಸಿದ್ರೆ ಕೈ ಎತ್ತುತ್ತೀನಿ. ನನ್ನ ಕೈ ಎತ್ತಿಸು ಸಾಕು, ಬೇರೇನೂ ಮಾಡ್ಬೇಡ."

ಆ ಹುಡುಗ ಈಗ ಕೋರ್ಟಿನಲ್ಲಿ ವಾದ ಮಾಡುತ್ತಾನೆ. ಅವತ್ತಿನಿಂದ ಅದೊಂದು ರೂಢಿಯೇ ಆಗಿಹೋಯಿತು. ತಾಲೀಮು ಅಂದರೆ ಬೀಗದಣ್ಣ ಪೊರಕೆ ಹಿಡಿದು ಕೊನೇ ಸಾಲಿನಲ್ಲಿ ಕೂರಬೇಕು. ಮೈಕ್ ಇಲ್ಲ, ಬರೀ ಗಂಟಲು. ಕೇಳಿಸಿದರೆ ಕೈ ಮೇಲೆ, ಇಲ್ಲವಾದರೆ ಇಲ್ಲ. ಮುಲಾಜಿಗೆ ಎತ್ತುವ ಜಾತಿಯವನಲ್ಲ ಆಸಾಮಿ. ಒಂದು ಸಲ ಪ್ರಿನ್ಸಿಪಾಲರೇ ಸ್ವಾಗತ ಭಾಷಣ ಓದಿ ನೋಡಿದರು, ಇವನ ಕೈ ಮಿಸುಕಲಿಲ್ಲ! ಹುಡುಗರು ವರ್ಷವಿಡೀ ಅದನ್ನು ಹೇಳಿಕೊಂಡು ನಕ್ಕರು.

ಇಂಥ ಮನುಷ್ಯನ ಸ್ವಂತ ಮಗಳು ಅದೇ ಕಾಲೇಜಿನಲ್ಲಿ ಮೂರು ವರ್ಷ ಓದಿದಳು, ಅದು ಅಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ ಅಂದರೆ ನಂಬುತ್ತೀರಾ?

ಹಾಗೆ ಮುಚ್ಚಿಟ್ಟಿದ್ದು ಅವನೇ. ಮೊದಲ ದಿನ ಬಸ್ಸಿನಲ್ಲಿ ಅವಳಿಗೆ ಹೇಳಿದ್ದ, "ಗೇಟಿನೊಳಗೆ ಹೋದ್ಮೇಲೆ ನಾನು ನಿನಗೆ ಯಾರೂ ಅಲ್ಲ. ನೀನು ಕರೀಬೇಡ, ನಾನು ತಿರುಗಿ ನೋಡಲ್ಲ. ಕುರ್ಚಿ ಎತ್ತೋನ ಮಗಳು ಅಂತ ಯಾರೂ ನಿನ್ನ ಆಡ್ಕೋಬಾರದು." ಮಗಳು ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಎರಡು ತಿಂಗಳಾಗಿರಬೇಕು. ಅವಳು ತನ್ನ ತರಗತಿಯ ಹುಡುಗಿಯರ ಜೊತೆ ಚರ್ಚಾಕೂಟಕ್ಕೆ ಅಂತ ಸಭಾಂಗಣಕ್ಕೆ ಬಂದಳು. ಅವರಲ್ಲೊಬ್ಬಳು, "ಏಯ್, ಇಲ್ಲಿ ನಾಲ್ಕು ಕುರ್ಚಿ ಹಾಕೋ, ಬೇಗ!" ಅಂತ ಇವನಿಗೆ ಕೂಗಿದಳು. ಅವನು ಹಾಕಿದ. ಮಗಳು ತಲೆ ತಗ್ಗಿಸಿ ನಿಂತಿದ್ದಳು, ಆಮೇಲೆ ಸರಸರ ಹೊರಗೆ ನಡೆದಳು. ಅವಳು ಕೂರದೆ ಹೋದ ಕುರ್ಚಿಯನ್ನು ಅವನೇ ವಾಪಸ್ಸು ಎತ್ತಿಟ್ಟ. ಮನೆಯಲ್ಲಿ ಈ ಮಾತು ಅವನೂ ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ.

ಅಲ್ಲಿಂದ ಮುಂದೆ ಅವಳದ್ದು ನಾಲ್ಕು ಹತ್ತರ ಬಸ್ಸು. ಸಂಘ ಬೇಡ, ಸಭೆ ಬೇಡ, ಪ್ರವಾಸವೂ ಬೇಡ. ಗೆಳತಿ ಅಂತ ಯಾರಾದರೂ ಇದ್ದರೆ ತಾನೇ ನಿಮ್ಮಪ್ಪ ಏನು ಮಾಡ್ತಾರೆ ಅಂತ ಕೇಳೋದು? ಅದಕ್ಕೇ ಗೆಳತಿಯೂ ಬೇಡ. ಅಂಕ ಮಾತ್ರ ತರಗತಿಗೇ ಮೊದಲು. ಅಪ್ಪ ಅದನ್ನೇ ನೋಡಿ ಎದೆಯುಬ್ಬಿಸಿಕೊಂಡಿದ್ದ, ಪಾಪ.

ಅವಳಿಗೆ ಟೀಚರ್ ಆಗುವ ಆಸೆ. ಕೊನೇ ವರ್ಷ ತರಬೇತಿಯ ಸೀಟಿಗೆ ಸಂದರ್ಶನಕ್ಕೆ ಹೋಗಿ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದಳು.

"ಏನಾಯ್ತೇ?" ಅಂದಳು ತಾಯಿ, ಹೊಲಿಗೆ ಯಂತ್ರ ನಿಲ್ಲಿಸಿ.

"ಓದೋದು ಬಿಟ್ಟು ಕಾಲೇಜಲ್ಲಿ ಇನ್ನೇನು ಮಾಡಿದೆ ಅಂತ ಕೇಳಿದ್ರು. ಏನೂ ಇಲ್ಲ ಅಂದೆ. ಒಂದು ಪಾಠ ಮಾಡಿ ತೋರಿಸು ಅಂದ್ರು. ಎದುರಿಗೆ ಐದು ಜನ. ನಂಗೆ ಬಾಯೇ ಬರಲಿಲ್ಲಮ್ಮಾ. ಜೋರಾಗಿ ಹೇಳು ತಾಯಿ, ಕೇಳಿಸ್ತಿಲ್ಲ ಅಂತ ಮೂರು ಸಲ ಅಂದ್ರು. ನಾಲ್ಕನೇ ಸಲ, ಆಯ್ತು ಹೋಗಮ್ಮ ಅಂದ್ಬಿಟ್ರು."

ಸೀಟು ಅವಳಿಗಿಂತ ಕಡಿಮೆ ಅಂಕದವರಿಗೆ ಹೋಯಿತು. ಉಳಿದದ್ದು ಇನ್ನೊಂದೇ ತರಬೇತಿ ಕಾಲೇಜು, ಅದರ ಸಂದರ್ಶನ ಮೂರು ವಾರಕ್ಕೆ. ಅದೂ ಕೈತಪ್ಪಿದರೆ ಆಸೆಗೆ ಎಳ್ಳುನೀರು.

ಹೆಂಡತಿ ಗಂಡನ ಕಡೆ ತಿರುಗಿದಳು. "ಕಂಡೋರ ಮಕ್ಕಳಿಗೆಲ್ಲ ಬಾಯಿ ಬರೋ ಹಾಗೆ ಮಾಡಿದ್ರಿ. ಇವಳೊಬ್ಬಳ ಬಾಯಿಗೆ ಬೀಗ ಜಡಿದು ನಾಲ್ಕು ಹತ್ತರ ಬಸ್ಸು ಹತ್ತಿಸಿದ್ರಿ. ತೃಪ್ತಿಯಾಯ್ತಾ ಈಗ?"

ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಎದ್ದು ಹೋಗೋಣವೆಂದರೆ ಮಂಡಿ ಏಳಗೊಡಲಿಲ್ಲ. ಅಲ್ಲೇ ಕೂತು ಸಾಯುವಷ್ಟು ಸಂಕಟಪಟ್ಟ.

ಮರುದಿನ ಸಂಘದ ಉಸ್ತುವಾರಿ ಮೇಡಂ ಹತ್ತಿರ ಹೋದ. ವಾರ್ಷಿಕೋತ್ಸವ ಹತ್ತಿರವಿತ್ತು, ಆ ಹೆಂಗಸಿಗೂ ಕಾಗದಪತ್ರದ ನಡುವೆ ಉಸಿರಾಡಲು ಪುರುಸೊತ್ತಿರಲಿಲ್ಲ.

"ಮೇಡಂ, ಕೊನೇ ವರ್ಷದಲ್ಲಿ ಒಂದು ಹುಡುಗಿ ಇದ್ದಾಳೆ. ಕಾರ್ಯಕ್ರಮ ನಿರೂಪಣೆಗೆ ಒಂದೆರಡು ಸಾಲು ಕೊಟ್ಟು ನೋಡಿ."

"ಯಾರು?"

ಅವನು ಹಾಜರಿ ಸಂಖ್ಯೆ ಹೇಳಿದ. ಮೇಡಂ ಹಣೆ ಉಜ್ಜಿಕೊಂಡರು. ಮೂರು ವರ್ಷ ಮೊದಲ ಬೆಂಚಿನಲ್ಲಿ ಕೂತವಳ ಅಂಕ ನೆನಪಾಯಿತು, ಮುಖ ನೆನಪಾಗಲಿಲ್ಲ.

"ನಿಮಗೆ ಗೊತ್ತಿರೋ ಹುಡುಗೀನಾ ಬೀಗದಣ್ಣ?"

"ಗೊತ್ತು" ಅಂದ ಅವನು. ಅಷ್ಟಾದರೂ ನನ್ನ ಮಗಳು ಅನ್ನಲು ಅವನ ನಾಲಿಗೆ ಹೊರಳಲಿಲ್ಲ, ನೋಡಿ.

ಸಂಜೆ ಮಗಳಿಗೆ ಹೇಳಿದಾಗ ಅವಳು, "ಅಲ್ಲಿ ನೀವಿರ್ತೀರಿ" ಅಂದಳು.

"ನಾನು ಹೊರಗಿರ್ತೀನಮ್ಮ. ನೀನು ಒಳಗೆ ಹೋಗು."

ಅವಳು ಹೂಂ ಅಂದಳು.

ತಾಲೀಮಿನ ದಿನ ಕುರ್ಚಿ ಹಾಕಿ ಮುಗಿಸಿ, ಕೊಟ್ಟ ಮಾತಿನಂತೆ ಬಾಗಿಲ ಕಡೆ ಹೊರಟಿದ್ದ. ಮೇಡಂ ವೇದಿಕೆಯ ಹತ್ತಿರದಿಂದಲೇ ಕೂಗಿದರು. "ಬೀಗದಣ್ಣ, ಎಲ್ಲಿಗ್ರೀ? ಕೂತ್ಕೊಳ್ಳಿ ಕೊನೇಲಿ. ನಿಮ್ಮ ಕೈ ಏಳದೆ ನಾನು ಯಾರನ್ನೂ ಒಪ್ಪಲ್ಲ." ನಲವತ್ತು ಹುಡುಗರು ಹೋ ಅಂದರು. ಅವನು ಪೊರಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ದೇಹಕ್ಕೆ ಒಂದು ಕುರ್ಚಿ ಸಿಕ್ಕಿದ್ದೇ ದಣಿವೆಲ್ಲ ಒಟ್ಟಿಗೆ ಮೇಲೆ ಬಿತ್ತು.

ನಾಲ್ಕು ಹತ್ತಾಯಿತು. ಬಸ್ಸು ಹೊರಟ ಸದ್ದು ಕೇಳಿಸಿತು. ಮಗಳು ಬಸ್ಸಿನಲ್ಲಿರಲಿಲ್ಲ, ವೇದಿಕೆಯ ಮೇಲೆ ಕಾಗದ ಹಿಡಿದು ನಿಂತಿದ್ದಳು.

ತುಟಿ ಅಲ್ಲಾಡಿತು. ಮೊದಲ ಸಾಲಿನವರೇ ಕಿವಿಗೆ ಕೈ ಹಚ್ಚಿದರು. ಯಾರೋ ಕಿಸಕ್ಕೆಂದರು. "ಜೋರಾಗಮ್ಮಾ" ಅಂದರು ಮೇಡಂ. ಅವಳು ಮತ್ತೆ ಓದಿದಳು. ಕೊನೇ ಸಾಲಿಗೆ ಏನೂ ಬರಲಿಲ್ಲ. ಬೀಗದಣ್ಣನ ಕೈ ತಾನಾಗೇ ಮೇಲೇಳಹೊರಟಿತು. ಒಂದು ಸುಳ್ಳು ಕೈ ಎತ್ತಿದರೆ ಏನು ಗಂಟು ಹೋಗುತ್ತೆ? ಮಗಳು ಗೆದ್ದಂತೆ ಆಗುತ್ತೆ. ಆದರೆ ಇನ್ನು ಹದಿನೈದು ದಿನಕ್ಕೆ ಆ ಐದು ಜನರ ಎದುರು ಯಾರು ಎತ್ತುತ್ತಾರೆ? ಹಲ್ಲು ಕಚ್ಚಿ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೇ ಕೂತ. ಅವನ ಕಣ್ಣು ತುಂಬಿ ಬಂತು.

"ಬಿಡಮ್ಮಾ, ಪರವಾಗಿಲ್ಲ. ಬೇರೆಯವರು ಮಾಡ್ತಾರೆ" ಅಂದರು ಮೇಡಂ.

ಮಗಳು ಇಳಿಯಲಿಲ್ಲ. ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು. ಎಲ್ಲರ ತಲೆಯ ಮೇಲಿಂದ ಕೊನೇ ಸಾಲಿನತ್ತ ನೋಡಿದಳು.

"ಅಪ್ಪಾ."

ಹುಡುಗರು ಯಾರ ಅಪ್ಪ, ಎಲ್ಲಿದ್ದಾರೆ ಅಂತ ಹಿಂದೆ ತಿರುಗಿದರು. ಬೀಗದಣ್ಣ ಮೂರು ವರ್ಷದ ಅಭ್ಯಾಸದಂತೆ ಪಕ್ಕದ ಕಿಟಕಿಯ ಚಿಲಕ ನೋಡತೊಡಗಿದ. ಕರೆದದ್ದು ತನ್ನನ್ನಲ್ಲ ಅನ್ನುವ ಹಾಗೆ.

"ಅಪ್ಪಾ! ಅವತ್ತು ಅವರು ಕುರ್ಚಿ ಹಾಕೋ ಅಂದಾಗ ಇವರು ನಮ್ಮಪ್ಪ ಅಂತ ಹೇಳ್ಬೇಕಿತ್ತು. ನಂಗೆ ಧೈರ್ಯ ಸಾಲಲಿಲ್ಲ. ಈಗ ಹೇಳ್ತಿದೀನಿ. ಕೇಳಿಸ್ತಾ?"

ಆ ದನಿ ಇನ್ನೂರ ಎಂಬತ್ತು ಕುರ್ಚಿಗಳನ್ನೂ ದಾಟಿ ಬಂದು ಹಿಂದಿನ ಗೋಡೆಗೆ ತಾಗಿತು. ಅಂದು ಕುರ್ಚಿ ಕೇಳಿದ್ದ ಹುಡುಗಿ ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಬೀಗದಣ್ಣ ತೊಡೆಯ ಕೆಳಗಿಂದ ಜೋಮು ಹಿಡಿದ ಕೈಯನ್ನು ಎಳೆದುಕೊಂಡು ಮೇಲೆತ್ತಿದ. ಪೊರಕೆ ಕೆಳಗೆ ಬಿತ್ತು.

"ಸರಿ, ಈಗ ಆ ಕಾಗದ ಓದು" ಅಂದರು ಮೇಡಂ.

ಮಗಳು ಪೂರ್ತಿ ಓದಿ ಮುಗಿಸಿದಳು. ಅಷ್ಟು ಹೊತ್ತೂ ಅವನು ಕೈ ಇಳಿಸಲಿಲ್ಲ.