ಎರಡನೇ ಭಾಗದ ಹಲಸಿನಹಣ್ಣು

ಮೊನ್ನೆ ಮೊಮ್ಮಗಳು ತನ್ನ ಮರದ ಗಿಲಕಿಯನ್ನು ಗ್ಯಾಸ್ ಒಲೆಯ ಪಕ್ಕ ಮರೆತು ಹೋಗಿದ್ದಳು. ಕಾವಿಗೆ ಬಣ್ಣ ಮೆತ್ತಗಾಗಿ ಅಡುಗೆಮನೆ ತುಂಬ ಅರಗಿನ ವಾಸನೆ. ಒಲೆ ಆರಿಸುವುದನ್ನೂ ಬಿಟ್ಟು ನಿಂತುಬಿಟ್ಟೆ. ಎದುರುಮನೆ ಅಕ್ಕ ನೆನಪಾದರು...

ಚನ್ನಪಟ್ಟಣದಲ್ಲಿ ನಾವಿಬ್ಬರೂ ಒಂದೇ ಬೊಂಬೆ ಕಾರ್ಖಾನೆಗೆ ಹೋಗುತ್ತಿದ್ದೆವು. ನನಗಿನ್ನೂ ಮದುವೆಯಾಗಿರಲಿಲ್ಲ. ಅಕ್ಕನನ್ನು ಸಾತನೂರಿಗೆ ಕೊಟ್ಟು ವರ್ಷ ತುಂಬಿರಲಿಲ್ಲ, ಆಗಲೇ ಮುನಿಸಿಕೊಂಡು ತವರಿಗೆ ಬಂದು ಕೂತಿದ್ದರು. ಕಾರಣ ನೆನೆದರೆ ಈಗಲೂ ನಗು ಬರುತ್ತದೆ. ಗಂಡ ಹೆಂಡತಿ ಕನಕಪುರಕ್ಕೆ ಸಿನಿಮಾ ನೋಡಲು ಹೋಗಿದ್ದರಂತೆ. ಕಾದಂಬರಿಯಿಂದ ಮಾಡಿದ ಪ್ರೇಮದ, ನಗೆಯ ಸಿನಿಮಾ. ಆ ಕಾದಂಬರಿಯನ್ನು ಅಕ್ಕ ಮದುವೆಗೆ ಮುಂಚೆಯೇ ಓದಿ ಕರಗಿಹೋಗಿದ್ದರು. ನಾಯಕ, ನಾಯಕಿ ಒಂದಾಗುವ ಹೊತ್ತಿಗೆ ಸರಿಯಾಗಿ ಭಾವ ಗೊರಕೆ ಹೊಡೆದರಂತೆ! ಅಲ್ಲಿ ಶುರುವಾದ ಜಗಳ ಎಲ್ಲೆಲ್ಲಿಗೋ ಹೋಗಿ, ಅಕ್ಕ ಬಸ್ಸು ಹತ್ತಿದ್ದರು.

ನಮ್ಮ ಕಡೆ ಹಾಗೆ ಬಂದವಳು ತಾನಾಗಿ ವಾಪಸು ಹೋಗುವಂತಿಲ್ಲ, ಗಂಡನ ಮನೆಯವರು ಬಂದು ಕರೆಯಬೇಕು. ಬರುತ್ತಾರಾ, ಇಲ್ಲವಾ? ಕಾರ್ಖಾನೆಯ ಹೆಂಗಸರಿಗೆಲ್ಲ ಅದೇ ಕುತೂಹಲ. ಅಕ್ಕ ಮಾತ್ರ ಆ ಮಾತೆತ್ತಿದರೆ ಬೊಂಬೆ ಕಡೆಯುವ ಲೇತಿನ ಕಡೆ ತಿರುಗಿಬಿಡುತ್ತಿದ್ದರು.

ಆ ಬೇಸಿಗೆಯಲ್ಲೇ ಸಿನಿಮಾದ ಎರಡನೇ ಭಾಗ ಬರುತ್ತದೆಂದು ಪೋಸ್ಟರ್ ಬಿತ್ತು. ಅದೂ ಆ ಕಾದಂಬರಿಯ ಎರಡನೇ ಭಾಗದ್ದೇ, ಮದುವೆಯಾದ ಮೇಲಿನ ಕಿತ್ತಾಟದ ಕತೆ. "ನಾನ್ ಓದಿವ್ನಿ ಕಣ್ರೇ" ಎಂದು ಅಕ್ಕ ಅಂದದ್ದೇ ತಡ, ಎಲ್ಲರೂ ದುಂಬಾಲು ಬಿದ್ದೆವು. ಕರೆಂಟು ಹೋದರೆ ಲೇತು ನಿಲ್ಲುತ್ತಿತ್ತು, ಕತೆ ಶುರುವಾಗುತ್ತಿತ್ತು. ಕರೆಂಟು ಬಂದರೆ ಕತೆ ಅರ್ಧಕ್ಕೇ ಬಂದ್. ಕರೆಂಟು ಬಂತೆಂದು ಬೈದುಕೊಳ್ಳುವವರನ್ನು ಕಾರ್ಖಾನೆಯ ಯಜಮಾನರು ಕಂಡದ್ದು ಅದೇ ಮೊದಲು.

ಅಕ್ಕನ ಕತೆಯಲ್ಲಿ, ತವರಿಗೆ ಬಂದ ನಾಯಕಿಯನ್ನು ಕರೆಯಲು ನಾಯಕ ದೊಡ್ಡ ಹಲಸಿನಹಣ್ಣು ಹೊತ್ತು ಬಸ್ಸಿನಲ್ಲಿ ಬರುತ್ತಾನೆ. ಕಂಡಕ್ಟರ್ ಹಣ್ಣಿಗೂ ಟಿಕೆಟ್ ಕೇಳುತ್ತಾನೆ. ಬಾಗಿಲಲ್ಲಿ ನಿಂತವನಿಗೆ ಏನು ಹೇಳಬೇಕೋ ತೋಚದೆ, "ಈ ಹಣ್ಣು ಎಲ್ ಮಡಗ್ಲಿ?" ಅನ್ನುತ್ತಾನೆ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಸಿನಿಮಾ ಬಂತು. ಎಲ್ಲರೂ ಒಟ್ಟಿಗೆ ಹೋದೆವು. ಹಲಸಿನಹಣ್ಣೂ ಇಲ್ಲ, ಕಂಡಕ್ಟರೂ ಇಲ್ಲ! ಕೊನೆಗೆ ನಾಯಕಿಯೇ ಹಟ ಬಿಟ್ಟು ಗಂಡನ ಮನೆಗೆ ಹೊರಟಳು. ಅವಳು ಹೋದಾಗ ಅವನು ಸಾರಿಗೆ ಎರಡನೇ ಸಲ ಉಪ್ಪು ಹಾಕುತ್ತಿದ್ದ. ಥಿಯೇಟರೆಲ್ಲ ನಗು, ಅಕ್ಕ ನಗಲಿಲ್ಲ.

"ಅಕ್ಕಾ, ಹಣ್ಣೆಲ್ಲೋಯ್ತು?" ಎಂದು ದಾರಿಯಲ್ಲಿ ಕೇಳಿದೆ.

"ಸಿನ್ಮಾದೋರು ತೆಗ್ದಾಕವ್ರೆ, ಬುಡು."

ಮಾರನೆಯ ದಿನ ಅಕ್ಕ ಕೆಲಸಕ್ಕೆ ಬರಲಿಲ್ಲ. ಯಾರೂ ಕರೆಯದೆ, ತಾವಾಗಿಯೇ ಬೆಳಗಿನ ಬಸ್ಸಿಗೆ ಸಾತನೂರಿಗೆ ಹೋಗಿಬಿಟ್ಟಿದ್ದರು. ನನಗೆ ಅಕ್ಕನ ಮೇಲೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಅಲ್ಲಿ ಒಳಗೆ ಸೇರಿಸದಿದ್ದರೆ?

ಮಧ್ಯಾಹ್ನ ಕರೆಂಟು ಹೋಯಿತು. ಕತೆ ಹೇಳುವವರಿಲ್ಲದೆ ಕೂತಿದ್ದೆವು. ಆಗ ಕಾರ್ಖಾನೆಯ ಬಾಗಿಲಿಗೆ ಒಬ್ಬರು ಬಂದು ನಿಂತರು. ಮೈಯೆಲ್ಲ ಬೆವರು, ಹೆಗಲ ಮೇಲೊಂದು ಹಲಸಿನಹಣ್ಣು.

"ಮನೆ ಬೀಗ ಹಾಕೈತೆ... ನಮ್ಮನೆಯೋಳು ಇಲ್ಗೆ ಕೆಲ್ಸಕ್ ಬತ್ತಾಳಂತಲ್ಲ?" ಎಂದರು. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದುದಕ್ಕೆ ಇನ್ನಷ್ಟು ಗಾಬರಿಯಾಗಿ, "ಒಸಿ ಇದನ್ನ ಎಲ್ ಮಡಗ್ಲಿ?" ಎಂದರು.

ಎಲ್ಲರೂ ಗೊಳ್ಳೆಂದು ನಕ್ಕೆವು. ಆ ನಗು ಯಾಕೆಂದು ಪಾಪ, ಭಾವನಿಗೆ ಗೊತ್ತಾಗಲೇ ಇಲ್ಲ. ಅಕ್ಕ ಬೆಳಿಗ್ಗೆಯೇ ಹೋದರೆಂದು ತಿಳಿದದ್ದೇ ಹಣ್ಣನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದರು. ದಾರಿಯಲ್ಲೆಲ್ಲೋ ಎರಡು ಬಸ್ಸೂ ಎದುರುಬದುರಾಗಿ ಹಾದುಹೋಗಿರಬೇಕು.

ಆಮೇಲೊಮ್ಮೆ ಅಕ್ಕ ಬಂದಾಗ, ಕಾದಂಬರಿಯಲ್ಲಿ ಆ ಹಣ್ಣು ನಿಜವಾಗಿ ಇತ್ತಾ ಎಂದು ಹಿಡಿದು ಕೇಳಿದೆ. "ಎರಡ್ನೇ ಭಾಗ ನಾನೆಲ್ ಓದಿದ್ದೆ ಕಣೇ? ಲೈಬ್ರರೀಲಿ ಸಿಕ್ಕಿದ್ರಲ್ವಾ! ನಿಮ್ ಭಾವ ಯಾರ್ ಮನೆಗೋದ್ರೂ ಹಣ್ಣು ಹೊತ್ಕೊಂಡೇ ಹೋಗೋದು. ಬರ್ಲಿ ಅಂತ ಆಸೆ ಇತ್ತು, ಹೇಳ್ದೆ" ಎಂದರು. ಸಾತನೂರಿನ ಬಾಗಿಲಲ್ಲಿ ಮೊದಲು ಮಾತಾಡಿದ್ದು ಯಾರು ಎಂದರೆ ಮಾತ್ರ ನನ್ನ ತಲೆಗೆ ಮೊಟಕಿ ಎದ್ದುಹೋದರು...

ಅಕ್ಕ ಹೋದ ವರ್ಷ ತೀರಿಕೊಂಡರು. ಇನ್ನು ಆ ಕತೆಯನ್ನು ಅವರಷ್ಟು ಚೆನ್ನಾಗಿ ಹೇಳುವವರಿಲ್ಲ. ಗಿಲಕಿಯ ಬಣ್ಣ ಒಂದು ಕಡೆ ಉಬ್ಬಿದೆ, ಮೊಮ್ಮಗಳು ಅದನ್ನೇ ಆಡಿಸುತ್ತಿದ್ದಾಳೆ. ನನಗೆ, ಅಕ್ಕನ ಸಾವಿಗೆ ಹೋದ ದಿನ ಸಾತನೂರಿನ ಜಗಲಿಯಲ್ಲಿ ಕೂತಿದ್ದ ಭಾವನ ಮುಖವೇ ಕಣ್ಣಿಗೆ ಕಟ್ಟಿದೆ. ಅವತ್ತು ನನ್ನ ಗುರುತು ಹಿಡಿದು ಹೇಳಿದ್ದರು:

"ತವರಿಗೋಗಿದ್ರೆ ಕರ್ಕೊಂಡ್ ಬತ್ತಿದ್ದೆ ಕಣವ್ವ. ಈಗ ಎಲ್ಲಿಗೋಗ್ಲಿ?"